ಕೊಟ್ಟಿಗೆಯಲ್ಲಿದ್ದ ಇಟಲಿ

ಎಡಗೈಯ ಕಿರುಬೆರಳಿನ ಉಗುರನ್ನು ಓನರ್ ಉದ್ದಕ್ಕೆ ಬಿಟ್ಟಿದ್ದರು. ತುದಿ ಹಳದಿಗಟ್ಟಿ ಒಳಕ್ಕೆ ಬಾಗಿದ್ದ ಆ ಉಗುರಿಗೆ ಎರಡು ಕೆಲಸ. ಕಾರಿನ ದೀಪದ ಸುತ್ತ ಇದ್ದ ಹೊಳೆಯುವ ಪಟ್ಟಿಯ ಸಂದಿಯಿಂದ ಧೂಳು ಕೆರೆದು ತೆಗೆಯುವುದು ಒಂದು, ಕಿವಿಯ ಗುಗ್ಗೆ ತೆಗೆಯುವುದು ಇನ್ನೊಂದು. ಕಿವಿಯಿಂದ ಕಾರಿಗೆ ಹೋಗುವಾಗ ಉಗುರನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದರು. ಕಾರಿನಿಂದ ಕಿವಿಗೆ ಬರುವಾಗ ಒರೆಸಿಕೊಂಡದ್ದನ್ನು ನಾನು ನೋಡಿಲ್ಲ.

ಓನರ್ ಅಂದರೆ ನಮ್ಮ ಬಾಡಿಗೆ ಮನೆಯ ಮಾಲೀಕರು. ಎದುರಿಗೆ ಗೌಡ್ರೇ ಅನ್ನುತ್ತಿದ್ದೆವು, ಬೆನ್ನ ಹಿಂದೆ ಓನರ್. ಎಪ್ಪತ್ತರ ದಶಕದ ಕೊನೆಯಲ್ಲಿ, ಮದುವೆಯಾದ ಹೊಸತರಲ್ಲಿ, ಪಟ್ಟಂದೂರು ಅಗ್ರಹಾರದ ಅವರ ಮನೆಯ ಹಿಂದಿನ ಎರಡು ಕೋಣೆಗಳಿಗೆ ನಾವು ಬಂದೆವು. ನಮ್ಮ ಮನೆಯವರಿಗೆ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ. ಬೆಳಕು ಹರಿಯುವ ಹೊತ್ತಿಗೆ ಕಾರ್ಖಾನೆ ಬಸ್ಸು ಹತ್ತಿದರೆ ಮತ್ತೆ ಮುಖ ಕಾಣುವುದು ಸಂಜೆ. ಅಲ್ಲಿಯವರೆಗೆ ನನ್ನ ಪಾಲಿಗೆ ಇದ್ದದ್ದು ಅಡುಗೆಮನೆಯ ಕಿಟಕಿ, ಕಿಟಕಿಯಾಚೆ ಕೊಟ್ಟಿಗೆ, ಕೊಟ್ಟಿಗೆಯಲ್ಲಿ ಓನರ್. ಗಂಡನಿಗಿಂತ ಹೆಚ್ಚು ಹೊತ್ತು ನಾನು ಆ ಮನುಷ್ಯನನ್ನು ನೋಡಿದ್ದೇನೆ, ಏನು ಮಾಡುವುದು.

ಕೊಟ್ಟಿಗೆ ಚೆನ್ನಾಗಿತ್ತು. ಓನರ್ ತಂದೆ ಕಟ್ಟಿಸಿದ್ದು. ಕಲ್ಲಿನ ಗೋಡೆ, ಮೇಲೆ ಮಂಗಳೂರು ಹೆಂಚು, ಒಂದು ಹನಿ ಸೋರುತ್ತಿರಲಿಲ್ಲ. ನಮ್ಮ ಕೋಣೆಗಳು ಸೋರುತ್ತಿದ್ದವು, ಅವರ ನಡುಮನೆಯೂ ಸೋರುತ್ತಿತ್ತು. ಆ ಕೊಟ್ಟಿಗೆಯಲ್ಲಿ ದನ ಇರಲಿಲ್ಲ, ಇಟಲಿಯ ಕಾರು ಇತ್ತು. ಕೆಂಪು ಬಣ್ಣದ್ದು, ಎರಡೇ ಸೀಟು, ಮೇಲ್ಛಾವಣಿ ಅನ್ನುವುದು ಮಡಚಿಡುವ ಕರಿ ಬಟ್ಟೆ. ನೆಲಕ್ಕೂ ಅದರ ಹೊಟ್ಟೆಗೂ ಒಂದು ಗೇಣು ಜಾಗ ಇದ್ದರೆ ಹೆಚ್ಚು. ಅದಕ್ಕೊಂದು ಉದ್ದನೆಯ ಹೆಸರಿತ್ತು, ಓನರ್ ದಿನಕ್ಕೊಂದು ರೀತಿ ಹೇಳುತ್ತಿದ್ದರು. ನಾನು ಅದನ್ನು ಬರೆಯುವುದಿಲ್ಲ. ನನ್ನಿಂದ ಅಷ್ಟು ಮರ್ಯಾದೆ ಅದಕ್ಕೆ ಬೇಡ.

ಅದು ವೈಟ್‌ಫೀಲ್ಡಿನ ಒಬ್ಬ ಆಂಗ್ಲೋ ಇಂಡಿಯನ್ ದೊರೆಯದಾಗಿತ್ತಂತೆ. ಓನರ್ ಆ ಬಂಗಲೆಗೆ ದ್ರಾಕ್ಷಿ ಕೊಡಲು ಹೋಗುತ್ತಿದ್ದರು, ಹೋದಾಗಲೆಲ್ಲ ಕಾರನ್ನು ನೋಡಿ ಬರುತ್ತಿದ್ದರು. ದೊರೆ ಆಸ್ಟ್ರೇಲಿಯಾಕ್ಕೆ ಹೊರಟಾಗ, ಮನೆಯ ಜೋಡಿ ಹಳ್ಳಿಕಾರ್ ಎತ್ತುಗಳನ್ನು ಮಾರಿ, ದ್ರಾಕ್ಷಿ ತೋಟದ ಒಂದು ತುಂಡನ್ನು ಪರಭಾರೆ ಮಾಡಿ, ಅದನ್ನು ಮನೆಗೆ ತಂದರು. ಹೆಂಡತಿಗೆ ಗೊತ್ತಾದದ್ದು ಕಾರು ಅಂಗಳಕ್ಕೆ ಬಂದಾಗ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅನ್ನುತ್ತಾರಲ್ಲ, ಇವರ ತಲೆಯಲ್ಲಿ ಜುಟ್ಟು ಕೂಡ ಇರಲಿಲ್ಲ.

ಹೋಗುವ ಮುಂಚೆ ದೊರೆ ಎರಡು ಮಾತು ಹೇಳಿದ್ದನಂತೆ. ಮಳೆಯಲ್ಲಿ ಹೊರಗೆ ತೆಗೆಯಬೇಡ, ಮಣ್ಣಿನ ರಸ್ತೆಗೆ ಇಳಿಸಬೇಡ. ನಮ್ಮೂರಿನಲ್ಲಿ ಆಗ ಅರ್ಧ ವರ್ಷ ಧೂಳು, ಅರ್ಧ ವರ್ಷ ಕೆಸರು. ಹಾಗಾಗಿ ಕಾರು ಬಂದ ದಿನವೇ ಒಳಗೆ ಹೋಯಿತು, ಅಲ್ಲಿಯೇ ಉಳಿಯಿತು. ಹಸುಗಳು ಹೊರಗೆ ಬಂದವು.

ಒಮ್ಮೆ ನಾನು ಕೇಳಿಯೇಬಿಟ್ಟೆ. "ಗೌಡ್ರೇ, ಓಡಿಸೋದೇ ಇಲ್ಲ ಅಂದ್ಮೇಲೆ ಯಾಕೆ ತಂದ್ರಿ?"

ನನ್ನನ್ನು ಕನಿಕರದಿಂದ ನೋಡಿದರು. "ಓಡ್ಸೋದು ಯಾವನ್ ಬೇಕಾದ್ರೂ ಓಡಿಸ್ತಾನೆ ಕಣಮ್ಮ. ಇಟ್ಕೊಳ್ಳಾಕೆ ಯೋಗ್ಯತೆ ಬೇಕು. ಇದು ಇಟಲಿ ಕಣಮ್ಮ, ಇಟಲಿ!"

ಆ ಯೋಗ್ಯತೆ ಹೇಗಿತ್ತೆಂದು ಹೇಳುತ್ತೇನೆ. ಚರ್ಮದ ಸೀಟು ಒಣಗಬಾರದೆಂದು ಹರಳೆಣ್ಣೆ ಹಚ್ಚಿದರು, ಇರುವೆ ಮುತ್ತಿತು. ಇರುವೆಗೆಂದು ಅರಿಶಿನ ಚೆಲ್ಲಿದರು, ಸೀಟಿಗೆ ಕಲೆ ಬಿತ್ತು. ಹೊಳೆಯುವ ಭಾಗಗಳನ್ನು ವಿಭೂತಿಯಲ್ಲಿ ಉಜ್ಜುತ್ತಿದ್ದರು, ನಾವು ಬೆಳ್ಳಿ ದೀಪ ಉಜ್ಜುವ ಹಾಗೆ. ಸೀಟಿನ ಕೆಳಗೆ ಬೇವಿನ ಸೊಪ್ಪು, ಸಂಜೆ ಸಾಂಬ್ರಾಣಿ ಹೊಗೆ. ಮುಂದಿನ ಬಂಪರಿಗೆ ಕರಿ ದಾರದಲ್ಲಿ ನಿಂಬೆಹಣ್ಣು, ಮೆಣಸಿನಕಾಯಿ, ಒಂದು ಹಳೆಯ ಎಕ್ಕಡ. ಆಯುಧಪೂಜೆಯ ದಿನ ಮಾತ್ರ ನಾಲ್ಕು ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಹಿಂದಿನಿಂದ ತಳ್ಳಿಸಿ, ಹಣ್ಣು ಅಪ್ಪಚ್ಚಿಯಾದ ಕೂಡಲೇ "ಸಾಕು ಸಾಕು" ಎಂದು ಕೂಗಿ ಹಿಂದಕ್ಕೆ ಎಳೆಸುತ್ತಿದ್ದರು. ಇಟಲಿಯ ಓಟದ ಕಾರಿನ ಒಂದು ವರ್ಷದ ಪ್ರಯಾಣ ಅಲ್ಲಿಗೆ ಮುಗಿಯಿತು. ಕುಂಕುಮ ಹಚ್ಚಲು ಬಿಡುತ್ತಿರಲಿಲ್ಲ, ಬಣ್ಣ ಹೋಗುತ್ತದೆಂದು.

ಎಲ್ಲಕ್ಕಿಂತ ದೊಡ್ಡ ಮಡಿ ಒಂದು ಹಳದಿ ಬಟ್ಟೆಯದು. ಕಾರಿನ ಜೊತೆ ದೊರೆ ಕೊಟ್ಟ ಒರೆಸುವ ಬಟ್ಟೆ. ಊರಿನ ಬೇರೆ ರೈತರ ಹೆಗಲ ಮೇಲೆ ಟವೆಲ್ ಇರುವಂತೆ ಇವರ ಹೆಗಲ ಮೇಲೆ ಅದು. ಹೆಂಡತಿ ಕೂಡ ಮುಟ್ಟುವ ಹಾಗಿಲ್ಲ, ಒಗೆಯುವುದೂ ತಾವೇ. ನನ್ನ ಮಗಳು ಅಂಬೆಗಾಲಿಡುತ್ತಿದ್ದಾಗ ಒಂದು ದಿನ ಅಂಗಳದಲ್ಲಿ ಕಕ್ಕಿಕೊಂಡಳು. ಪಕ್ಕದ ತಂತಿಯ ಮೇಲೆ ಒಣಗುತ್ತಿದ್ದ ಆ ಬಟ್ಟೆಗೆ ನಾನು ಕೈ ಹಾಕಿದೆನಷ್ಟೆ. ಕೊಟ್ಟಿಗೆಯಿಂದ ಓಡಿ ಬಂದು ಕಿತ್ತುಕೊಂಡರು. "ಅದು ಕಾರಿಂದು ತಾಯಿ! ಸೆರಗಿಲ್ವಾ ನಿಮಗೆ?" ಅಂದರು. ಸೆರಗಿತ್ತು, ಸೆರಗಿನಲ್ಲೇ ಒರೆಸಿದೆ. ಅವರು ತೊಟ್ಟಿಗೆ ಹೋಗಿ, ನಾನು ಮುಟ್ಟಿದ ತುದಿಗೆ ಸೋಪು ಹಾಕಿ ತಿಕ್ಕುತ್ತ ನಿಂತರು.

ನಮ್ಮ ಮನೆಯವರಿಗೆ ಮಾತ್ರ ಓನರ್ ಮೇಲೆ ಗೌರವ. "ಅಪರೂಪದ ಗಾಡಿ ಕಣೇ, ಇಡೀ ಬೆಂಗಳೂರಲ್ಲಿ ಇಂಥದ್ದು ಇನ್ನೊಂದಿದ್ರೆ ಹೇಳು" ಅನ್ನುತ್ತಿದ್ದರು. ಭಾನುವಾರ ಇಬ್ಬರೂ ಕೊಟ್ಟಿಗೆಯ ಬಾಗಿಲಲ್ಲಿ ಕೈಕಟ್ಟಿ ನಿಂತು ಅದನ್ನು ನೋಡುತ್ತಿದ್ದರು. ಗರ್ಭಗುಡಿಯ ಮುಂದೆ ಕೂಡ ನಮ್ಮ ಮನೆಯವರು ಅಷ್ಟು ಹೊತ್ತು ಸುಮ್ಮನೆ ನಿಂತವರಲ್ಲ.

ಮೊದಲ ವರ್ಷ ಅದರ ದನಿ ಕೇಳಿದ್ದೇನೆ. ಓನರ್ ಸಂಜೆ ಒಳಗೆ ಕೂತು ಶುರು ಮಾಡುತ್ತಿದ್ದರು, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೇಳಿ ನಿಲ್ಲಿಸುತ್ತಿದ್ದರು. ಸುಳ್ಳು ಹೇಳಬಾರದು, ದನಿ ಚೆನ್ನಾಗಿತ್ತು. ಒಂದು ಸಂಜೆ ಶುರುವಾಗಲಿಲ್ಲ, ಮಾರನೆಯ ದಿನವೂ ಆಗಲಿಲ್ಲ. ಕಲಾಸಿಪಾಳ್ಯದಿಂದ ಮೆಕ್ಯಾನಿಕ್ ಒಬ್ಬ ಬಂದ. ಬಾನೆಟ್ ತೆರೆದು, ಬಗ್ಗಿ ನೋಡಿ, ಕೈಯಲ್ಲಿದ್ದ ಸ್ಪ್ಯಾನರನ್ನು ಕಾರಿನ ಕೆಂಪು ಮೈಮೇಲೆ ಇಟ್ಟ. ಅಷ್ಟೇ. ಓನರ್ ಅವನನ್ನು ಊರ ಬಾಗಿಲವರೆಗೆ ಬೈಯುತ್ತ ಅಟ್ಟಿದರು. ಇನ್ನು ಯಾರನ್ನೂ ಕರೆಸಲಿಲ್ಲ, ಮುಟ್ಟದೆ ರಿಪೇರಿ ಮಾಡುವ ಮೆಕ್ಯಾನಿಕ್ ಎಲ್ಲಿ ಸಿಗುತ್ತಾನೆ?

ಈಗ ಅವರ ಹೆಂಡತಿ, ನಮ್ಮ ಬಾಯಲ್ಲಿ ಓನರಮ್ಮ, ಆಕೆಯ ಮಾತಿಗೆ ಬರುತ್ತೇನೆ. ಆ ಮನೆ ನಡೆಯುತ್ತಿದ್ದುದು ಅವರ ಹಾಲಿನಿಂದ. ಒಂದು ನಾಟಿ ಹಸು, ಒಂದು ಸೀಮೆ ಹಸು. ನನ್ನ ಮಗಳು ಕುಡಿದು ಬೆಳೆದದ್ದು ಆ ಹಾಲನ್ನೇ. ಎರಡೂ ಹಸುಗಳು ಹುಣಸೆಮರದ ಕೆಳಗೆ, ಮಳೆಗೂ ಚಳಿಗೂ ಮೈಯೊಡ್ಡಿ ನಿಲ್ಲುತ್ತಿದ್ದವು. ಓನರಮ್ಮ ಕೇಳುತ್ತಿದ್ದುದು ಒಂದೇ, ಕೊಟ್ಟಿಗೆ ಬಿಟ್ಟುಕೊಡಿ. ಸೀರೆ ಕೇಳಲಿಲ್ಲ, ಸರ ಕೇಳಲಿಲ್ಲ. ಆಗದಿದ್ದರೆ ಮರದ ಕೆಳಗೆ ತೆಂಗಿನ ಸೋಗೆಯ ಚಪ್ಪರವಾದರೂ ಹಾಕಿಕೊಡಿ ಅಂದರು. ಅದಕ್ಕೂ ಓನರ್ ಒಪ್ಪಲಿಲ್ಲ. ಸೋಗೆ ಹಾಕಿದರೆ ಇಲಿ ಸೇರುತ್ತದೆ, ಇಲಿ ಸೇರಿದರೆ ಪಕ್ಕದ ಕೊಟ್ಟಿಗೆಗೆ ಬರುತ್ತದೆ, ಬಂದರೆ ಸೀಟು ತಿನ್ನುತ್ತದೆ. ಇಷ್ಟು ದೂರ ಯೋಚಿಸುವ ತಲೆ ಅವರಿಗೆ ಬೇರೆ ಯಾವ ವಿಷಯದಲ್ಲೂ ಇರಲಿಲ್ಲ.

ಒಂದು ಮಳೆಗಾಲ ಸೀಮೆ ಹಸು ಹೆಣ್ಣುಕರು ಹಾಕಿತು. ಜಡಿಮಳೆ ಬಿಡದೆ ಹೊಯ್ಯುತ್ತಿತ್ತು. ಓನರಮ್ಮ ಕರುವನ್ನು ಗೋಣಿಚೀಲದಲ್ಲಿ ಸುತ್ತಿ ಎತ್ತಿಕೊಂಡು ಬಂದು ಕೊಟ್ಟಿಗೆಯ ಬಾಗಿಲಲ್ಲಿ ನಿಂತರು. "ಒಂದು ಮೂಲೇಲಿ ಮಲಗಿಸ್ತೀನಿ. ಮಳೆ ನಿಂತ ತಕ್ಷಣ ಎತ್ಕೊಂಡೋಗ್ತೀನಿ" ಅಂದರು.

"ಸಗಣಿ ಆಕ್ತದೆ. ಗಂಜಲದ ಘಾಟು ಬಣ್ಣಕ್ಕೆ ಆಗಾಕಿಲ್ಲ" ಅಂದರು ಓನರ್, ಬಾಗಿಲು ಬಿಟ್ಟು ಸರಿಯದೆ.

ಕರುವನ್ನು ನಾನು ನಮ್ಮ ಅಡುಗೆಮನೆಗೆ ತರಿಸಿಕೊಂಡೆ. ಸೀಮೆಎಣ್ಣೆ ಸ್ಟವ್ ಹಚ್ಚಿ ಕಾವು ಕೊಟ್ಟೆವು. ಆಗಲೇ ಶೀತ ಎದೆಗೆ ಇಳಿದಿತ್ತು, ಉಳಿಯಲಿಲ್ಲ. ಓನರಮ್ಮ ಅಳುತ್ತ ಕೂತಿದ್ದಾಗ ಓನರ್ ಸಮಾಧಾನ ಹೇಳಲು ಬಂದರು. "ಕರು ಇನ್ನೊಂದು ಉಟ್ತದೆ ಕಣೇ. ಇದು ಉಟ್ತದಾ?" ಎಂದು ಕೊಟ್ಟಿಗೆಯ ಕಡೆ ಕೈ ತೋರಿಸಿದರು. ಅವತ್ತಿನಿಂದ ನನಗೆ ಆ ಮನುಷ್ಯನ ಮೇಲೆ ಇದ್ದದ್ದು ಹೇಸಿಗೆ, ಬೇರೆ ಪದ ಹುಡುಕಲು ಹೋಗುವುದಿಲ್ಲ.

ನಾಟಿ ಹಸುವಿನ ಎರಡು ಗಂಡುಕರುಗಳು, ಒಂದು ವರ್ಷದ ಅಂತರದ ಅಣ್ಣ ತಮ್ಮ, ಮಾತ್ರ ಗಟ್ಟಿ ಜೀವ. ಅದೇ ಮರದ ಕೆಳಗೆ ನೆನೆದೇ ಬೆಳೆದು ಹೋರಿಗಳಾದವು. ಅವುಗಳನ್ನು ನೊಗಕ್ಕೆ ಪಳಗಿಸಿದ್ದು ಕೂಡ ಓನರಮ್ಮನೇ. ಗಂಡಸರು ನಕ್ಕರು, ಆಕೆ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ.

ಆ ಹೋರಿಗಳು ಮೊದಲ ಸಲ ಕಿಚ್ಚು ಹಾಯುವ ಸಂಕ್ರಾಂತಿ ಬಂತು. ಸಂಕ್ರಾಂತಿಯ ಸಂಜೆ ಊರ ಮುಂದೆ ದಾರಿಗೆ ಅಡ್ಡವಾಗಿ ಹುಲ್ಲು ಹರಡಿ ಬೆಂಕಿ ಹಚ್ಚುತ್ತಾರೆ. ಕೊಂಬಿಗೆ ಬಣ್ಣ ಬಳಿದು ಗೆಜ್ಜೆ ಕಟ್ಟಿದ ದನಗಳನ್ನು ಅದರ ಮೇಲೆ ಹಾರಿಸುತ್ತಾರೆ. ದನಕ್ಕೆ ತಗುಲಿದ ದೃಷ್ಟಿ, ರೋಗ ಎಲ್ಲ ಸುಟ್ಟು ಹೋಗುತ್ತದೆಂದು ನಂಬಿಕೆ. ಅವತ್ತು ಬೆಳಿಗ್ಗೆಯೇ ಓನರ್ ಕಾರಿಗೆ ಚೆಂಡುಹೂವಿನ ಹಾರ ಕಟ್ಟುತ್ತಿದ್ದರು.

"ಏನ್ ಗೌಡ್ರೇ, ಇವತ್ತು ಆಯುಧಪೂಜೆನಾ?" ಎಂದೆ.

"ಇವತ್ತು ಇದನ್ನೂ ಕಿಚ್ಚು ಆಯಿಸ್ತೀನಿ" ಅಂದರು. "ಊರೋರ ಕಣ್ಣೆಲ್ಲ ಇದರ ಮ್ಯಾಲೇ ಐತೆ. ಅದಕ್ಕೇ ಸ್ಟಾರ್ಟ್ ಆಗ್ತಾ ಇಲ್ಲ. ದನಕ್ಕೆ ತಾಕಿದ ದೃಷ್ಟಿ ಕಿಚ್ಚಲ್ಲಿ ಓಯ್ತದಲ್ವಾ? ಇದಕ್ಕೂ ಅಂಗೇ."

"ಇದು ಹಾರಲ್ವಲ್ಲ ಗೌಡ್ರೇ."

"ಉರಿ ಇಳಿದ ಮ್ಯಾಲೆ ತಳ್ಳಿಸ್ಕೊಂಡು ದಾಟಿಸೋದು. ಕಣ್ಣು ಮುಚ್ಚಿ ಬಿಡೋದ್ರೊಳಗೆ ಆಚೆ."

ಮಳೆ ಬೇಡ, ಮಣ್ಣು ಬೇಡ ಎಂದಿದ್ದ ದೊರೆ ಬೆಂಕಿಯ ಮಾತೆತ್ತಿರಲಿಲ್ಲ. ಪಾಪ, ಅದನ್ನು ಹೇಳಬೇಕಾದೀತೆಂದು ಅವನಿಗೆ ಹೊಳೆಯಲಿಲ್ಲವೇನೋ.

ಸಂಜೆ ಊರೆಲ್ಲ ಸೇರಿತ್ತು. ದನಗಳೆಲ್ಲ ಹಾದವು, ಓನರಮ್ಮನ ಹೋರಿಗಳೂ ಒಂದೇ ನೆಗೆತಕ್ಕೆ ಹಾದವು. ಜನ ಶಿಳ್ಳೆ ಹೊಡೆದರು. ಉರಿ ತಗ್ಗಿ ಕೆಂಡ ಉಳಿದ ಮೇಲೆ ಕಾರು ಬಂತು. ಓನರ್ ತಲೆಗೆ ಪೇಟ ಸುತ್ತಿ, ಹೆಗಲಿಗೆ ಹಳದಿ ಬಟ್ಟೆ ಹಾಕಿ, ಸ್ಟೇರಿಂಗ್ ಹಿಡಿದು ಕೂತಿದ್ದರು. ಊರಿನ ಗಂಡಸರು ಹಿಂದಿನಿಂದ ತಳ್ಳುತ್ತಿದ್ದರು, ಅವರಲ್ಲಿ ನಮ್ಮ ಮನೆಯವರೂ ಒಬ್ಬರು. ಮುಂದಿನ ಚಕ್ರಗಳು ಕೆಂಡ ದಾಟಿದವು. ಕಾರಿನ ಹೊಟ್ಟೆಯ ಕೆಳಗಿನಿಂದ ಹೊಗೆ ಎದ್ದು ಬಾಗಿಲ ಪಕ್ಕಕ್ಕೆ ಬಂತು. ಹೊಗೆ ಕಂಡದ್ದೇ ತಡ, ಬಣ್ಣ ಹೋಯಿತೆಂದು ಓನರ್ ಗಾಬರಿಯಾಗಿ ಹ್ಯಾಂಡ್‌ಬ್ರೇಕ್ ಎಳೆದುಬಿಟ್ಟರು.

ಎಷ್ಟೋ ವರ್ಷದಿಂದ ಎಳೆಯದಿದ್ದ ಬ್ರೇಕು. ಹಿಡಿದದ್ದು ಬಿಡಲಿಲ್ಲ. ಕಾರು ಕೆಂಡದ ಮೇಲೆ ನಿಂತಿತು.

"ಪೆಟ್ರೋಲ್ ಟ್ಯಾಂಕ್ ಐತೆ ಕಣ್ರೋ, ಸಿಡೀತದೆ!" ಎಂದು ಯಾರೋ ಕೂಗಿದರು. ತಳ್ಳುತ್ತಿದ್ದವರೆಲ್ಲ ದಿಕ್ಕಾಪಾಲಾದರು. ಎಲ್ಲರಿಗಿಂತ ಮುಂದೆ ಓಡಿದ್ದು ನಮ್ಮ ಮನೆಯವರು, ಅಪರೂಪದ ಗಾಡಿಯ ಭಕ್ತರು. "ಇಳೀರಿ ಗೌಡ್ರೇ, ಇಳೀರಿ" ಎಂದು ಜನ ಬೊಬ್ಬೆ ಹಾಕುತ್ತಿದ್ದರು. ಓನರ್ ಇಳಿಯಲಿಲ್ಲ. ಎರಡೂ ಕೈಯಲ್ಲಿ ಸ್ಟೇರಿಂಗ್ ತಬ್ಬಿಕೊಂಡು, "ಯಾರಾದ್ರೂ ಎಳೀರೋ, ಕೈ ಮುಗಿತೀನಿ" ಎಂದು ಅಳುತ್ತಿದ್ದರು.

ಗುಂಪಿನಿಂದ ಓನರಮ್ಮ ಹೊರಬಂದರು. ಎರಡು ಹೋರಿಗಳನ್ನೂ ನೊಗದ ಸಮೇತ ಕಾರಿನ ಮುಂದೆ ತಂದು ನಿಲ್ಲಿಸಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಗ್ಗ ಹಿಡಿದು ಬಂಪರಿನ ಹತ್ತಿರ ಬಗ್ಗಿದರು.

"ಕೊಟ್ಟಿಗೆ ಬಿಡ್ತೀರಾ?" ಎಂದು ಕೇಳಿದರು.

"ಎಳೆಯೇ ಮೊದ್ಲು!"

"ಕೊಟ್ಟಿಗೆ ಬಿಡ್ತೀರಾ?"

"ಆಯ್ತು ಕಣೇ, ಆಯ್ತು."

"ಆಯ್ತು ಅಂದ್ರೆ ಏನು? ಊರೋರಿಗೆಲ್ಲ ಕೇಳೋ ಅಂಗೆ ಕೂಗಿ."

"ಕೊಟ್ಟಿಗೆ ದನಕ್ಕೆ!" ಎಂದು ಓನರ್ ಗಂಟಲು ಹರಿಯುವಂತೆ ಕೂಗಿದರು. "ಕೊಟ್ಟಿಗೆ ದನಕ್ಕೆ, ಎಳೀ!"

ನಾನು ಹತ್ತಿರದಲ್ಲೇ ನಿಂತಿದ್ದೆ, ನೋಡಿದೆ. ಮೊದಲ ಸಲ ಕೇಳುವಾಗಲೇ ಓನರಮ್ಮನ ಕೈ ಹಗ್ಗಕ್ಕೆ ಗಂಟು ಹಾಕಿ ಮುಗಿಸಿತ್ತು. ಅವರು ಇಲ್ಲ ಅಂದಿದ್ದರೂ ಆಕೆ ಎಳೆಸುತ್ತಿದ್ದರು. ಅಷ್ಟು ವರ್ಷ ಜೊತೆಗೆ ಬಾಳಿದ ಗಂಡನಿಗೆ ಅದು ತಿಳಿಯಲಿಲ್ಲ.

"ಹೈ" ಎಂದ ಕೂಡಲೇ ಹೋರಿಗಳು ಕೊರಳು ಬಗ್ಗಿಸಿದವು. ಉರುಳದ ಹಿಂದಿನ ಚಕ್ರಗಳನ್ನು ನೆಲದ ಮೇಲೆ ತೇಯಿಸಿಕೊಂಡೇ ಕಾರನ್ನು ಆಚೆ ಎಳೆದವು. ಯಾವ ಟ್ಯಾಂಕೂ ಸಿಡಿಯಲಿಲ್ಲ, ಅದರಲ್ಲಿ ಪೆಟ್ರೋಲು ಇದ್ದರೆ ತಾನೇ? ಎಡಬಾಗಿಲ ಕೆಳಗೆ ಅಂಗೈಯಗಲ ಬಣ್ಣ ಗುಳ್ಳೆ ಎದ್ದು ಕಪ್ಪಾಗಿತ್ತು, ಅಷ್ಟೇ ನಷ್ಟ. ಓನರ್ ಇಳಿದು ಬಂದು ಅದರ ಮುಂದೆ ಕುಕ್ಕರಗಾಲಲ್ಲಿ ಕೂತರು. ಕರು ಸತ್ತಾಗ ಓನರಮ್ಮ ಕೂತಿದ್ದೂ ಹಾಗೆಯೇ.

ಮಾರನೆಯ ದಿನ ಹಸುಗಳು ಕೊಟ್ಟಿಗೆಗೆ ಹೋದವು. ಕಾರು ಹುಣಸೆಮರದ ಕೆಳಗೆ ಬಂತು. ಅದಕ್ಕೆ ಓನರ್ ತಾವೇ ಚಪ್ಪರ ಹಾಕಿದರು, ತೆಂಗಿನ ಸೋಗೆಯದು. ಇಲಿಯೂ ಬಂತು, ಅವರು ಹೇಳಿದ್ದು ಸುಳ್ಳಾಗಲಿಲ್ಲ.

ಆಮೇಲಿನ ಮಳೆಗಾಲಗಳಲ್ಲಿ ಆ ಮನುಷ್ಯ ಸೋಗೆ ಸೋರುವ ಕಡೆ ಕೊಡೆ ಹಿಡಿದು ನಿಲ್ಲುತ್ತಿದ್ದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಗಾದೆಯ ಅಲ್ಪ ಕೊಡೆಯನ್ನು ತನ್ನ ತಲೆಗಾದರೂ ಹಿಡಿದುಕೊಂಡ. ಇವರು ಕಾರಿಗೆ ಹಿಡಿದು ತಾವು ನೆನೆದರು. ಓನರಮ್ಮ ಕೊಟ್ಟಿಗೆಯ ಬಾಗಿಲಿಂದ "ಒಳಕ್ಕೆ ಬನ್ನಿ, ದನದ ಜೊತೆ ನಿಮಗೂ ಜಾಗ ಐತೆ" ಎಂದು ಕೂಗುತ್ತಿದ್ದರು. ಬರುತ್ತಿರಲಿಲ್ಲ.

ನನ್ನ ಮಗಳು ಅಷ್ಟರಲ್ಲಿ ಓಡಾಡುವಷ್ಟಾಗಿದ್ದಳು. ಕಾರಿನ ಹತ್ತಿರ ಹೋಗಿ ಆಸೆಯಿಂದ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದಳು, ಹಿಂದೊಮ್ಮೆ ಮುಟ್ಟಲು ಹೋಗಿ ಪೆಟ್ಟು ತಿಂದು ಕಲಿತಿದ್ದಳು. ಒಂದು ದಿನ ಓನರ್ ಅವಳನ್ನು ಕರೆದು, ಸುಟ್ಟ ಕಲೆಯನ್ನು ತೋರಿಸಿ, "ಮುಟ್ಕೋ ಮಗಾ. ಅಲ್ಲಿ ಮುಟ್ಟಬೌದು. ಅದು ಕೆಟ್ಟೋಗೈತೆ" ಅಂದರು. ಆಮೇಲೆ ಊರಿನ ಮಕ್ಕಳಿಗೆಲ್ಲ ಅಷ್ಟು ಜಾಗದಲ್ಲಿ ಮುಟ್ಟುವ ಅಪ್ಪಣೆ ಸಿಕ್ಕಿತು. ಅವರ ಔದಾರ್ಯ ಅಂಗೈಯಗಲ, ಅದಕ್ಕಿಂತ ಆಚೆ ಬೆಳೆಯಲಿಲ್ಲ.

ನೆಂದು ನೆಂದು ಓನರ್ ಎದೆಗೆ ಕಫ ಕಟ್ಟಿತು. ಎಂಬತ್ತರ ದಶಕದ ನಡುವಿನ ಒಂದು ಮಳೆಗಾಲದಲ್ಲಿ ಹೋಗಿಬಿಟ್ಟರು. ಕೊನೆಯಲ್ಲಿ ಓನರಮ್ಮ ಅವರನ್ನು ಮಲಗಿಸಿದ್ದು ಕೊಟ್ಟಿಗೆಯ ಪಕ್ಕದ ಜಗಲಿಯಲ್ಲಿ, ದನದ ಉಸಿರಿನ ಕಾವು ತಾಗಲೆಂದು. ಸತ್ತವರ ಬಗ್ಗೆ ಕೆಟ್ಟ ಮಾತು ಆಡಬಾರದು ಅನ್ನುತ್ತಾರೆ. ಬದುಕಿದ್ದಾಗಲೂ ಇದನ್ನೇ ಆಡಿದ್ದೇನೆ, ಈಗ ಬದಲಿಸಿದರೆ ಅದು ಸುಳ್ಳಾಗುತ್ತದೆ.

ತಿಥಿ ಕಳೆದ ಮೇಲೆ ದಂಡು ಪ್ರದೇಶದ ಒಬ್ಬ ಶ್ರೀಮಂತರು ಬಂದರು. ಹಳೆಯ ಕಾರುಗಳನ್ನು ಕೂಡಿಡುವ ಹುಚ್ಚಿನವರು. ಕಾರನ್ನು ಸುತ್ತಿ, ಬಗ್ಗಿ, ಬಾನೆಟ್ ಎತ್ತಿ ನೋಡಿ ಅವರ ಕಣ್ಣು ತುಂಬಿ ಬಂತು. ಒಂದು ಭಾಗವೂ ಬದಲಾಗಿಲ್ಲವಂತೆ, ಸೀಟು, ಸುಟ್ಟ ಕಲೆ ಬಿಟ್ಟರೆ ಹುಟ್ಟಿದಾಗ ಇದ್ದ ಹಾಗೇ ಇದೆಯಂತೆ. "ಎಷ್ಟು ಚೆನ್ನಾಗಿ ನೋಡಿಕೊಂಡಿದ್ದಾರೆ ಅಮ್ಮಾ ನಿಮ್ಮ ಯಜಮಾನ್ರು" ಅಂದರು.

"ಊಂ ಸ್ವಾಮಿ" ಅಂದರು ಓನರಮ್ಮ. "ಅದನ್ನ ಚೆನ್ನಾಗಿ ನೋಡ್ಕೊಂಡ್ರು."

ವ್ಯಾಪಾರ ಕುದುರಿತು, ಕಾರು ಮಾತ್ರ ಶುರುವಾಗಲಿಲ್ಲ. ಅದನ್ನು ಒಯ್ಯಲು ತಂದಿದ್ದ ಲಾರಿ ನಮ್ಮ ಕೆಸರಿಗೆ ಇಳಿಯದೆ ಡಾಂಬರು ರಸ್ತೆಯಲ್ಲೇ ನಿಂತಿತ್ತು. ಓನರಮ್ಮ ಮತ್ತೆ ಅದೇ ಹೋರಿಗಳನ್ನು ತಂದು ಹಗ್ಗ ಬಿಗಿದರು. ಆ ಮನೆಗೆ ಬಂದ ಮೇಲೆ ಕಾರು ಬೀದಿಗಿಳಿದದ್ದು ಎರಡೇ ಸಲ, ಎರಡು ಸಲವೂ ಎಳೆದದ್ದು ಅದಕ್ಕಾಗಿ ಮಳೆಯಲ್ಲಿ ನೆನೆದ ದನಗಳು.

ಮಾರನೆಯ ಬೆಳಿಗ್ಗೆ ಪಾತ್ರೆ ಹಿಡಿದು ಹಾಲಿಗೆ ಹೋದೆ. ಓನರಮ್ಮ ಬಿಸಿನೀರಿನಲ್ಲಿ ಬಟ್ಟೆಯೊಂದನ್ನು ಅದ್ದಿ ಹಿಂಡಿ ನಾಟಿ ಹಸುವಿನ ಕೆಚ್ಚಲು ಒರೆಸುತ್ತಿದ್ದರು. ಹಳದಿ ಬಟ್ಟೆ. ನನ್ನನ್ನು ಕಂಡು ಅದನ್ನು ಎತ್ತಿ ನನ್ನ ಕೆನ್ನೆಗೆ ಒತ್ತಿದರು.

"ಎಷ್ಟು ಮೆತ್ತಗೈತೆ ನೋಡವ್ವ" ಅಂದರು. "ಇಷ್ಟು ವರ್ಷ ಮನೇಲೇ ಇತ್ತು, ನಂಗೆ ಗೊತ್ತೇ ಇರ್ಲಿಲ್ಲ."